ಎರಡು ತಿಂಗಳು ಬೋಟ್ ನಿಲ್ಲಿಸಿದರೆ ಸಾಕಾಗಲ್ವಾ?

"ಬಳ್ಳಾರಿ ಬಿಸಿಲಾಗ ಕೂತು ಸಮುದ್ರದ ಮೀನಿನ ಚಿಂತಿ ಯಾಕಪಾ ನಿನಗ? ಹೆಂಗೂ ಮಳಿಗಾಲದಾಗ ಎರಡು ತಿಂಗಳು ಬೋಟ್ ನಿಲ್ಲಸ್ತಾರಲ್ಲ, ಸಾಕಾಗಂಗಿಲ್ಲೇನು?" ಚುಕ್ಕಿ ತೊರಕೆಯ ಮಾತು ತೆಗೆದರೆ ಸಾಕು, ಯಾರಾದರೊಬ್ಬರು ಹೀಗೆ ಕೇಳಿಯೇ ಕೇಳುತ್ತಾರೆ. ಚಿಂತೆ ಯಾಕೆ ಅಂದರೆ, ಇಷ್ಟ ಅಷ್ಟೇ. ಎರಡನೆಯದು ಒಳ್ಳೆಯ ಪ್ರಶ್ನೆ.

ಕರಾವಳಿಯವರು ತೊರಕೆ ಅನ್ನುವ ಚಪ್ಪಟೆ ಮೀನುಗಳಲ್ಲಿ ಇದೂ ಒಂದು. ಇಂಗ್ಲಿಷಿನಲ್ಲಿ ಸ್ಪಾಟೆಡ್ ಈಗಲ್ ರೇ. ಕಪ್ಪು ಬೆನ್ನು, ಮೇಲೆಲ್ಲ ಬಿಳಿ ಚುಕ್ಕಿ, ತೆಳ್ಳನೆಯ ಉದ್ದ ಬಾಲ. ರೆಕ್ಕೆ ಬಡಿಯುತ್ತಾ ಈಜುತ್ತದೆ, ಒಮ್ಮೊಮ್ಮೆ ನೀರಿನಿಂದ ಮೇಲಕ್ಕೂ ಜಿಗಿಯುತ್ತದೆ. ನನಗೆ ಜಾಸ್ತಿ ಹಿಡಿಸಿದ್ದು ಅದರ ಬಾಯಿ. ಬಾತುಕೋಳಿ ಕೊಕ್ಕಿನಂಥ ಮೂತಿಯಿಂದ ಮರಳು ಕೆದಕಿ ಚಿಪ್ಪುಮೀನು, ಶಂಖದ ಹುಳ ಹುಡುಕುತ್ತದೆ. ಮೇಲೊಂದು ಸಾಲು, ಕೆಳಗೊಂದು ಸಾಲು ಅಗಲವಾದ ಹಲ್ಲು. ನಡುವೆ ಸಿಕ್ಕ ಚಿಪ್ಪು ಪುಡಿಪುಡಿ. ಚೂರು ಉಗುಳಿ ಮಾಂಸ ನುಂಗುತ್ತದೆ.

ಮೊದಲು ಜಗತ್ತಿನಲ್ಲೆಲ್ಲ ಇದು ಒಂದೇ ಜಾತಿ ಅಂದುಕೊಂಡಿದ್ದರು. 2010ರ ಸುಮಾರಿಗೆ ಅಟ್ಲಾಂಟಿಕ್‌ನದು ಬೇರೆ, ನಮ್ಮ ಕಡೆಯದು ಬೇರೆ ಅಂತ ವಿಂಗಡಿಸಿದರು. ಎರಡಕ್ಕೂ ಅಳಿವಿನ ಭಯ ಇದೆ ಎನ್ನುತ್ತದೆ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿ.

ಈಗ ಆ ಎರಡು ತಿಂಗಳು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟ್‌ಗಳಿಗೆ ರಜೆ. ರಾಶಿ ಮೊಟ್ಟೆ ಇಟ್ಟು ಬೇಗ ಬೆಳೆಯುವ ಬಂಗುಡೆ, ಬೂತಾಯಿಗೆ ಇದರಿಂದ ಅನುಕೂಲ. ನಮ್ಮ ತುಂಗಭದ್ರಾ ಡ್ಯಾಮಿನ ಕಾಟ್ಲಾ ನೋಡಿ, ಒಂದೇ ಹೆಣ್ಣು ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಚುಕ್ಕಿ ತೊರಕೆ ಮರಿ ಹಾಕುವ ಮೀನು. ಹಾಕುವುದು ಒಂದರಿಂದ ನಾಲ್ಕು ಮರಿ, ಬಸಿರು ಸುಮಾರು ಒಂದು ವರ್ಷ. ಜುಲೈವರೆಗೆ ಬಚಾವಾದ ಬಸುರಿ ಆಗಸ್ಟ್‌ನಲ್ಲಿ ಬಲೆಗೆ ಬಿದ್ದರೆ ಆ ರಜೆಯಿಂದ ಅದಕ್ಕೇನು ಬಂತು?

ಬೇಕಂತಲೇ ಇದನ್ನು ಹಿಡಿಯಬೇಕು ಅಂತಲೂ ಇಲ್ಲ. ಸಿಗಡಿಗೆ ಅಂತ ಹಾಕಿದ ಟ್ರಾಲ್ ಬಲೆ ಸಮುದ್ರದ ತಳ ಗುಡಿಸಿಕೊಂಡು ಹೋಗುತ್ತದೆ, ಇದರ ಊಟ ಇರುವುದೂ ಅಲ್ಲೇ. ಯಾರನ್ನು ಬೈಯೋದು ಹೇಳಿ?

"ನೀರುನಾಯಿಗೆ ಮಾಡಿದಂಗ ಮಾಡಬೇಕು" ಅನ್ನುವವರೂ ಇದ್ದಾರೆ. ಡ್ಯಾಮಿನಿಂದ ಕಂಪ್ಲಿವರೆಗಿನ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶ ಮಾಡಿದರಲ್ಲ, ಅದು. ಹೊಳೆಗೆ ಎರಡು ದಡ ಇವೆ, ಕಾಯಬಹುದು. ಸಮುದ್ರದಲ್ಲಿ ಅಲೆಯುವ ಮೀನಿಗೆ ಗೆರೆ ಎಳೆದರಷ್ಟೇ ಸಾಲದು.

ಬಲೆಯಲ್ಲಿ ಜೀವಂತ ಸಿಕ್ಕಿದ್ದನ್ನು ತಡಮಾಡದೆ ನೀರಿಗೆ ಬಿಡುವುದೇ ಸರಿ ಅಂತ ನನಗನ್ನಿಸುತ್ತದೆ. ಆದರೆ ಬಾಲದ ಬುಡದಲ್ಲಿ ವಿಷದ ಮುಳ್ಳಿದೆ, ಸುಮ್ನೆ ಕೈಹಾಕೋಕಾಗಲ್ಲ. ಬಿಟ್ಟರೆ ಮೀನುಗಾರನಿಗೆ ಬರೋ ಕಾಸೂ ಹೋಯ್ತು. ಗುಜರಾತ್‌ನಲ್ಲಿ ವೇಲ್ ಶಾರ್ಕ್ ಬಲೆಗೆ ಬಿದ್ದರೆ ಬಲೆ ಕತ್ತರಿಸಿ ಬಿಡುತ್ತಾರೆ, ಹಾಳಾದ ಬಲೆಗೆ ಸರ್ಕಾರ ಪರಿಹಾರ ಕೊಡುತ್ತದೆ. ತೊರಕೆಗೂ ಅಂಥದ್ದೊಂದು ಏರ್ಪಾಡು ಬಂದರೆ ಬೋಟಿನವರು ಖಂಡಿತ ಕಿವಿಗೊಟ್ಟಾರು.