ಶಿಕಾರಿಪುರ 176: ಕದಂಬರ ಪುಸ್ತಕ ಕೇಳಿ ಬಂದವರಿಗೆ ನಾನು ಮೊದಲು ತೆಗೆದುಕೊಡುವುದು

ಶಿವಮೊಗ್ಗದ ಕಾಲೇಜೊಂದರ ಗ್ರಂಥಾಲಯದಲ್ಲಿ ಪರಾಮರ್ಶನ ವಿಭಾಗ ನನ್ನ ಹೊಣೆ. ಇತಿಹಾಸ ಓದುವ ಮಕ್ಕಳು ಬಂದು ಕೇಳುವುದು ಬಹುಮಟ್ಟಿಗೆ ಒಂದೇ ಧಾಟಿಯಲ್ಲಿ: “ಮೇಡಂ, ಕದಂಬರ ಬಗ್ಗೆ ಒಂದು ಒಳ್ಳೆಯ ಪುಸ್ತಕ ಕೊಡಿ.” ಕೇಳಿದ್ದನ್ನು ಕಪಾಟಿನಿಂದ ತೆಗೆದು, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಕಳುಹಿಸಿದರೆ ಆ ಹೊತ್ತಿನ ಕೆಲಸ ಮುಗಿಯುತ್ತದೆ. ಆದರೆ ಆ ಪುಸ್ತಕ ಓದಿ ಬರೆದ ಪ್ರಬಂಧದಲ್ಲಿ ಇರುವುದು ಆ ಲೇಖಕರ ಮಾತೇ ಹೊರತು ಕದಂಬರ ಮಾತಲ್ಲ. ಆದ್ದರಿಂದ ನಾನು ಈಗ ಮೊದಲು ಮೇಜಿನ ಮೇಲಿಡುವುದು ಮೈಸೂರು ಸೀಮೆಯ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ 7ನೆಯ ಸಂಪುಟ. ಚರಿತ್ರೆಯ ಪುಸ್ತಕ ಎರಡನೆಯದು. ಆಕರ ಮೊದಲು, ವಿವರಣೆ ಆಮೇಲೆ ಎಂಬ ಈ ಕ್ರಮ ಓದುವವರನ್ನು ಎಷ್ಟು ಬದಲಿಸುತ್ತದೆ ಎಂಬುದನ್ನು ನನ್ನ ಮೇಜಿನ ಎದುರೇ ಕಂಡಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಹುಟ್ಟಿದ ಬಿ. ಎಲ್. ರೈಸ್ ಮೈಸೂರು ಸಂಸ್ಥಾನದ ಊರೂರು ಸುತ್ತಿ, ಪಂಡಿತರನ್ನು ಜೊತೆಗಿಟ್ಟುಕೊಂಡು, ಸುಮಾರು 9,000 ಶಾಸನಗಳನ್ನು 12 ಸಂಪುಟಗಳಲ್ಲಿ ಹೊರತಂದರು. ಕೊಡಗಿನ ಮೊದಲ ಸಂಪುಟ 1886ರಲ್ಲಿ ಬಂತು. ನಮ್ಮ ಜಿಲ್ಲೆಗೆ ಎರಡು ಸಂಪುಟಗಳು: 1902ರ 7ನೆಯದು, 1904ರ 8ನೆಯದು. ಮಲೆನಾಡಿನ ಒಂದು ಜಿಲ್ಲೆಗೆ ಎರಡು ದಪ್ಪ ಸಂಪುಟ ಬೇಕಾಯಿತು ಎಂದರೆ ಇಲ್ಲಿಯ ಹೊಲ, ಕೆರೆ ಏರಿ, ಗುಡಿಯ ಅಂಗಳಗಳಲ್ಲಿ ಎಷ್ಟು ಕಲ್ಲುಗಳು ಬರೆಹ ಹೊತ್ತು ನಿಂತಿವೆ ಎಂದು ಯೋಚಿಸಿ. ಪ್ರತಿ ಸಂಪುಟದಲ್ಲಿ ಶಾಸನದ ಪಾಠ ಕನ್ನಡ ಲಿಪಿಯಲ್ಲಿದೆ, ರೋಮನ್ ಲಿಪಿಯಲ್ಲಿದೆ, ಇಂಗ್ಲಿಷ್ ಅನುವಾದವೂ ಇದೆ. ಇದು ಓದುವವರಿಗೆ ದೊಡ್ಡ ಉಪಕಾರ. ಇಂಗ್ಲಿಷ್ ಕಷ್ಟವೆನ್ನುವ ವಿದ್ಯಾರ್ಥಿ ಕನ್ನಡ ಪಾಠದ ಕಡೆಗೆ ತಿರುಗಬಹುದು. ಹಳಗನ್ನಡ ತೊಡಕಾದರೆ ಅನುವಾದದ ಆಸರೆ ಪಡೆಯಬಹುದು.

ಆದರೆ ಈ ಸಂಪುಟಗಳ ಜೋಡಣೆ ಗೊತ್ತಿಲ್ಲದವರು ಮೊದಲ ದಿನವೇ ಕೈಚೆಲ್ಲುತ್ತಾರೆ. ಶಾಸನಗಳು ರಾಜವಂಶದ ಕ್ರಮದಲ್ಲಿ ಇಲ್ಲ, ತಾಲ್ಲೂಕಿನ ಕ್ರಮದಲ್ಲಿವೆ. ಅದೂ ನೂರು ವರ್ಷಕ್ಕೂ ಹಿಂದಿನ ತಾಲ್ಲೂಕುಗಳು. ‘ಶಿಕಾರಿಪುರ 176’ ಎಂದರೆ ಶಿಕಾರಿಪುರ ತಾಲ್ಲೂಕಿನ 176ನೆಯ ಶಾಸನ. 7ನೆಯ ಸಂಪುಟದಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ ಇವೆ. 8ನೆಯದರಲ್ಲಿ ಸೊರಬ, ಸಾಗರ, ನಗರ, ತೀರ್ಥಹಳ್ಳಿ. ಹೊನ್ನಾಳಿ, ಚನ್ನಗಿರಿಗಳು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದವು. ಈಗಿನ ಜಿಲ್ಲೆಯ ನಕಾಶೆ ಹಿಡಿದು ಹುಡುಕಿದರೆ ದಾರಿ ತಪ್ಪುವುದು ಖಂಡಿತ.

ಹೊಸನಗರ ಕಡೆಯ ಒಬ್ಬ ವಿದ್ಯಾರ್ಥಿನಿ ಹುಂಚದ ಜೈನ ಬಸದಿಗಳ ಬಗ್ಗೆ ಬರೆಯಬೇಕೆಂದು ಬಂದಿದ್ದಳು. 8ನೆಯ ಸಂಪುಟದ ಪುಟ ತಿರುವಿ ತಿರುವಿ, “ಮೇಡಂ, ನಮ್ಮ ತಾಲ್ಲೂಕೇ ಇದರಲ್ಲಿ ಇಲ್ಲ” ಎಂದು ಮುಖ ಸಪ್ಪೆ ಮಾಡಿಕೊಂಡಳು. “ನಗರ ಎಂದು ನೋಡಮ್ಮ, ಆಗಿನ ತಾಲ್ಲೂಕಿನ ಹೆಸರು ಅದು” ಎಂದೆ. ನಗರ 35 ಸಿಕ್ಕಿತು. 1077ರ ಆ ದೀರ್ಘ ಶಾಸನದಲ್ಲಿ ಹುಂಚವನ್ನು ಆಳಿದ ಸಾಂತರರ ವಂಶದ ಕಥೆ ಇದೆ, ಪಂಚಕೂಟ ಬಸದಿಯ ವಿಷಯ ಇದೆ, ಅದನ್ನು ಕಟ್ಟಿಸಿದ ಚಟ್ಟಲದೇವಿ ಇದ್ದಾಳೆ. ಚಿಕ್ಕಂದಿನಿಂದ ಜಾತ್ರೆಗೆ ಹೋಗಿ ಬಂದ ಊರಿನ ಹೆಸರು ಹಳೆಯ ಅಚ್ಚಿನಲ್ಲಿ ಕಂಡಾಗ ಕುರ್ಚಿ ಎಳೆದುಕೊಂಡು ಕುಳಿತ ಆ ಹುಡುಗಿ ಎದ್ದದ್ದು ಸಂಜೆ ಗ್ರಂಥಾಲಯ ಮುಚ್ಚುವ ಹೊತ್ತಿಗೇ. ಆಗುಂಬೆ ಕಡೆಯವರು ತೀರ್ಥಹಳ್ಳಿ ಎಂದೂ, ಕೊಪ್ಪ, ಶೃಂಗೇರಿಯವರು 6ನೆಯ ಸಂಪುಟದ ಕಡೂರು ಜಿಲ್ಲೆ ಎಂದೂ ಹುಡುಕಬೇಕು. ಇಂಥ ಸಣ್ಣ ಮಾಹಿತಿ ಯಾವ ಪಠ್ಯಕ್ರಮದಲ್ಲೂ ಇರುವುದಿಲ್ಲ. ಪರಾಮರ್ಶನ ಮೇಜಿನ ಹಿಂದೆ ಕುಳಿತವರೇ ಹೇಳಿಕೊಡಬೇಕು.

ಇನ್ನು ತಾಳಗುಂದದ ಕಂಬಕ್ಕೆ ಬರುತ್ತೇನೆ. ಶಿರಾಳಕೊಪ್ಪದ ಬಳಿಯ ತಾಳಗುಂದದಲ್ಲಿ, ಪ್ರಣವೇಶ್ವರ ದೇವಾಲಯದ ಎದುರಿಗಿರುವ ಸ್ತಂಭಶಾಸನವೇ ಎಪಿಗ್ರಾಫಿಯಾ ಕರ್ನಾಟಿಕಾ 7ರ ಶಿಕಾರಿಪುರ 176. ಕದಂಬರ ಉದಯದ ಕಥೆ ಎಂದು ಎಲ್ಲ ಪಠ್ಯಪುಸ್ತಕಗಳೂ ಹೇಳುವುದು ಮುಖ್ಯವಾಗಿ ಈ ಕಂಬದಿಂದ ಬಂದದ್ದು. ಮಯೂರಶರ್ಮ ಗುರು ವೀರಶರ್ಮನೊಂದಿಗೆ ವೇದಾಧ್ಯಯನಕ್ಕೆಂದು ಪಲ್ಲವರ ಕಂಚಿಗೆ ಹೋದದ್ದು, ಅಲ್ಲಿ ಕುದುರೆಯ ವಿಚಾರವಾಗಿ ಕಲಹವಾದದ್ದು, ಸಿಟ್ಟಿಗೆದ್ದು ಆಯುಧ ಹಿಡಿದದ್ದು, ಶ್ರೀಪರ್ವತದವರೆಗಿನ ಕಾಡನ್ನು ವಶಪಡಿಸಿಕೊಂಡದ್ದು, ಕೊನೆಗೆ ಪಲ್ಲವರೇ ಒಪ್ಪಿ ರಾಜ್ಯ ಕೊಟ್ಟದ್ದು ಎಲ್ಲವೂ ಅಲ್ಲಿದೆ. ದರ್ಭೆ, ಸಮಿತ್ತು, ಸ್ರುಕ್ಕು (ಹೋಮದ ಸೌಟು), ತುಪ್ಪ, ಚರು (ಹೋಮದ ಅನ್ನ) ಹಿಡಿಯುವುದರಲ್ಲಿ ನುರಿತ ಕೈ ಹೊಳೆಯುವ ಕತ್ತಿಯನ್ನು ಹೊರಗೆಳೆಯಿತು ಎನ್ನುತ್ತಾನೆ ಕವಿ. ಪಠ್ಯಪುಸ್ತಕ ಇದನ್ನು ‘ಶಾಸ್ತ್ರ ಬಿಟ್ಟು ಶಸ್ತ್ರ ಹಿಡಿದ’ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಸ್ರುಕ್ಕು, ತುಪ್ಪಗಳನ್ನು ಒಂದೊಂದಾಗಿ ಹೆಸರಿಸಿದ ಆ ಸಾಲನ್ನು ಓದಿದವನಿಗೆ ಮಯೂರಶರ್ಮ ಮರೆಯುವುದಿಲ್ಲ.

ಅಷ್ಟು ಓದಿಸಿದ ಮೇಲೆ ನಾನು ಕೇಳುವ ಪ್ರಶ್ನೆ ಒಂದೇ: ಇದನ್ನು ಬರೆಸಿದ್ದು ಯಾರು, ಯಾವಾಗ? ಮಯೂರಶರ್ಮ ಎಂದು ಹೇಳುವವರೇ ಹೆಚ್ಚು. ಭಾರತದ ಶಾಸನಗಳನ್ನು ಪ್ರಕಟಿಸುವ ಎಪಿಗ್ರಾಫಿಯಾ ಇಂಡಿಕಾದ 8ನೆಯ ಸಂಪುಟದಲ್ಲಿ ಜರ್ಮನ್ ವಿದ್ವಾಂಸ ಕೀಲ್‌ಹಾರ್ನ್ ಇದನ್ನು ಮತ್ತೆ ಸಂಪಾದಿಸಿದಾಗ ‘ಕಾಕುಸ್ಥವರ್ಮನ ಶಾಸನ’ ಎಂದು ಕರೆದರು. ಶೀರ್ಷಿಕೆ ನೋಡಿದವರು ಹಾಗೆಯೇ ಬರೆದುಕೊಳ್ಳುತ್ತಾರೆ. ಕೊನೆಯ ಪದ್ಯಗಳವರೆಗೆ ಓದಿದವರಿಗೆ ಮಾತ್ರ ನಿಜ ಸಂಗತಿ ತಿಳಿಯುತ್ತದೆ. ಸಾತಕರ್ಣಿ ಮೊದಲಾದವರು ಪೂಜಿಸಿದ ಶಿವನ ಗುಡಿಯ ಬಳಿ ಕೆರೆ ಕಟ್ಟಿಸಿದವನು ಕಾಕುಸ್ಥವರ್ಮ; ಅವನ ಮಗ ಶಾಂತಿವರ್ಮನ ಕಾಲದಲ್ಲಿ, ಆ ರಾಜನ ಆಜ್ಞೆಯಂತೆ, ಕುಬ್ಜ ಎಂಬ ಕವಿ ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದ. ಕಾಲ ಸುಮಾರು ಕ್ರಿ.ಶ. 450ರ ಆಸುಪಾಸು. ಮಯೂರಶರ್ಮ, ಕಂಗವರ್ಮ, ಭಗೀರಥ, ರಘು, ಅವನ ತಮ್ಮ ಕಾಕುಸ್ಥ, ಆಮೇಲೆ ಶಾಂತಿವರ್ಮ. ಅಂದರೆ ಶಾಂತಿವರ್ಮನಿಗೆ ಮಯೂರಶರ್ಮ ಮುತ್ತಜ್ಜನ ತಂದೆ.

ಇಲ್ಲಿ ಮೇಜಿನ ಸುತ್ತ ಕುಳಿತವರ ಮುಖದಲ್ಲಿ ಬದಲಾವಣೆ ಕಾಣುತ್ತದೆ. ಕಂಚಿಯ ಜಗಳವನ್ನು ಕಣ್ಣಾರೆ ಕಂಡವರು ಬರೆದದ್ದಲ್ಲ ಇದು. ಆ ಮನೆತನ ಬಲಿತು ನಿಂತ ಮೇಲೆ ಆಸ್ಥಾನದ ಕವಿ ಹಾಡಿದ ಮೂಲಪುರುಷನ ಕಥೆ. ಅದೇ ಕವಿ ಕಾಕುಸ್ಥವರ್ಮನನ್ನು ಸೂರ್ಯನೆಂದೂ, ಅವನ ಹೆಣ್ಣುಮಕ್ಕಳನ್ನು ಕಿರಣಗಳೆಂದೂ, ಗುಪ್ತ ಮೊದಲಾದ ರಾಜಕುಲಗಳು ಆ ಕಿರಣಗಳಿಂದ ಅರಳಿದ ತಾವರೆಗಳೆಂದೂ ವರ್ಣಿಸುತ್ತಾನೆ. ತಂದೆಯ ಕಾಲದ ಈ ಮದುವೆಗಳ ಮಾತಿಗೂ ಮುತ್ತಜ್ಜನ ತಂದೆಯ ಸಾಹಸದ ಮಾತಿಗೂ ಸಾಕ್ಷಿಯಾಗಿ ಒಂದೇ ತೂಕವಿಲ್ಲ. ಹಾಗೆಂದು ಮಯೂರಶರ್ಮನ ಕಥೆ ಸುಳ್ಳು ಎಂದು ತಳ್ಳಿಹಾಕುವುದೂ ಸಲ್ಲದು. ಬೇರೆ ಆಕರದ ಬಳಿಗೆ ಹೋಗಬೇಕು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಮಯೂರಶರ್ಮನ ಹೆಸರಿರುವ ಪುಟ್ಟ ಪ್ರಾಕೃತ ಶಾಸನವಿದೆ. ಕೆರೆಯ ಸಂಗತಿ ಅದರಲ್ಲೂ ಬರುತ್ತದೆ. ಎಂ. ಎಚ್. ಕೃಷ್ಣ ಅವರು ಅದರಲ್ಲಿ ಓದಿದ ಸೋತ ರಾಜ್ಯಗಳ ಉದ್ದ ಪಟ್ಟಿಯನ್ನು ನಂತರದ ಶಾಸನತಜ್ಞರು ಪ್ರಶ್ನಿಸಿದ್ದಾರೆ. ಎರಡೂ ಓದುಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದಾಗ, ಶಾಸನವೆಂದರೆ ಕಲ್ಲಿನಲ್ಲಿ ಕೊರೆದ ಅಂತಿಮ ತೀರ್ಪು ಎಂಬ ಭಾವನೆ ಕರಗುತ್ತದೆ. ಕಲ್ಲು ಸವೆದಿರುತ್ತದೆ, ಅಕ್ಷರ ಮುರಿದಿರುತ್ತದೆ, ಓದುವವರು ಊಹಿಸಿರುತ್ತಾರೆ. ನನ್ನ ಮಟ್ಟಿಗೆ ಪ್ರಾಚೀನ ಇತಿಹಾಸದ ಓದು ಶುರುವಾಗುವುದೇ ಇದು ಅರಿವಾದ ಗಳಿಗೆಯಲ್ಲಿ.

ಮಳವಳ್ಳಿಯ ಕಂಬವನ್ನೂ ಬಿಡುವಂತಿಲ್ಲ. ಇದು ಮಂಡ್ಯ ಜಿಲ್ಲೆಯ ಮಳವಳ್ಳಿಯಲ್ಲ, ನಮ್ಮ ಶಿಕಾರಿಪುರ ತಾಲ್ಲೂಕಿನದು. ಒಂದೇ ಕಂಬದ ಮೇಲೆ ಮೊದಲು, ಕದಂಬರಿಗಿಂತ ಹಿಂದೆ ಇಲ್ಲಿ ಆಳಿದ ಚುಟು ಸಾತಕರ್ಣಿಯ ದಾನ, ಅದರ ಕೆಳಗೆ ಕದಂಬ ರಾಜನ ದಾನ, ಎರಡೂ ಪ್ರಾಕೃತದಲ್ಲಿ: ಶಿಕಾರಿಪುರ 263, 264. ಆಳುವವರು ಬದಲಾದದ್ದು ಒಂದೇ ಕಲ್ಲಿನಲ್ಲಿ ಕಾಣುತ್ತದೆ.

ತೇದಿಯ ವಿಷಯದಲ್ಲಿ ಮಕ್ಕಳು ಎಡವುವ ಜಾಗ ಒಂದಿದೆ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಎಂಬುದು ಎಲ್ಲರಿಗೂ ಗೊತ್ತು. ಪುಷ್ಯ, ಮಾಘ, ಫಾಲ್ಗುಣಗಳಲ್ಲಿ ಜನವರಿ ದಾಟಿದ್ದರೆ 79 ಕೂಡಿಸಬೇಕು ಎಂಬುದು ಕೆಲವರಿಗಷ್ಟೇ ಗೊತ್ತು. ಆದರೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ ಸುತ್ತಿನ ಕಲ್ಲುಗಳಲ್ಲಿ ‘ಚಾಲುಕ್ಯ ವಿಕ್ರಮ ವರ್ಷ’ ಎಂದು ಬಂದಾಗ, ಉತ್ತರದ ವಿಕ್ರಮ ಸಂವತ್ಸರವೆಂದು ತಿಳಿದು 57 ಕಳೆಯಲು ಹೊರಡುತ್ತಾರೆ. ಇದು ಆರನೆಯ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದಾಗ ಶುರುಮಾಡಿದ ಗಣನೆ. ಅದರ 37ನೆಯ ವರ್ಷ ಎಂದರೆ 1112. ಸರಿಯೋ ತಪ್ಪೋ ನೋಡಲು ಪಂಚಾಂಗದ ಸಂವತ್ಸರಗಳೇ ಸಾಕು: ಮೊದಲ ವರ್ಷ ನಳ, ಅಲ್ಲಿಂದ ಎಣಿಸಿದರೆ 37ನೆಯದು ನಂದನ. ಕಲ್ಲಿನ ಮೇಲೂ ನಂದನ ಎಂದೇ ಇದ್ದರೆ ಲೆಕ್ಕ ಕೂಡಿತು. ಮನೆಯಲ್ಲಿ ಅಜ್ಜಿಯ ಬಾಯಲ್ಲಿ ಪ್ರಭವ, ವಿಭವ ಕೇಳಿ ಬೆಳೆದ ಮಲೆನಾಡಿನ ಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆ. ವಾರ, ತಿಥಿ, ಗ್ರಹಣದವರೆಗೆ ಹೋಗಬೇಕಾದಾಗ ಸ್ವಾಮಿಕಣ್ಣು ಪಿಳ್ಳೆ ಅವರ ಪಂಚಾಂಗ ಕೋಷ್ಟಕಗಳನ್ನು ಕೊಡುತ್ತೇನೆ.

ರಾಜರನ್ನು ಬಿಟ್ಟು ಜನಜೀವನದ ಕಡೆಗೆ ಬಂದರೆ ನಮ್ಮ ಸೀಮೆಯ ದೊಡ್ಡ ನಿಧಿ ಬಳ್ಳಿಗಾವೆಯದು. ಕೇದಾರೇಶ್ವರ ಗುಡಿಗೆ ಸೇರಿದ ಕೋಡಿಯ ಮಠದ ಕುರಿತ 1162ರ ಶಾಸನ (ಶಿಕಾರಿಪುರ 102) ಒಂದು ಸಂಸ್ಥೆಯ ಇಡೀ ದಿನಚರಿಯನ್ನೇ ಬಿಚ್ಚಿಡುತ್ತದೆ. ಅಲ್ಲಿ ವೇದಪಾಠ, ವ್ಯಾಕರಣ, ದರ್ಶನಗಳ ವ್ಯಾಖ್ಯಾನ, ಕಾವ್ಯನಾಟಕ. ಅದೇ ಆವರಣದಲ್ಲಿ ದೀನರಿಗೆ, ಕುರುಡರಿಗೆ, ಕುಂಟರಿಗೆ ಅನ್ನ, ರೋಗಿಗಳಿಗೆ ಔಷಧಿ. ಇಂಥ ಶಾಸನದಿಂದ ‘ದತ್ತಿ ಕೊಟ್ಟ ರಾಜ ಯಾರು’ ಎಂಬುದನ್ನಷ್ಟೇ ಟಿಪ್ಪಣಿ ಮಾಡಿಕೊಂಡು ಎದ್ದುಹೋಗುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಶಾಸನದಿಂದ ಬದುಕನ್ನು ಹೇಗೆ ಎತ್ತಬೇಕು ಎಂಬುದಕ್ಕೆ ಕನ್ನಡದಲ್ಲೇ ಮಾದರಿ ಇದೆ: ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’. ಚರಿತ್ರೆಯ ಪುಸ್ತಕ ಎರಡನೆಯದು ಎಂದೆನಲ್ಲ, ಆ ಎರಡನೆಯ ಪುಸ್ತಕವಾಗಿ ಇದನ್ನೇ ಕೊಡುತ್ತೇನೆ. ವೀರಗಲ್ಲು, ಮಾಸ್ತಿಕಲ್ಲುಗಳನ್ನು ದಿನವೂ ದಾಟಿ ಹೋಗುವ ಊರಿನವರಿಗೆ ಅದು ಕಣ್ಣು ತೆರೆಸುತ್ತದೆ.

ಕರ್ನಾಟಕದ ಆಚೆಗೆ ಹೋಗುವವರಿಗೆ ಡಿ. ಸಿ. ಸರ್ಕಾರ್ ಅವರ ಆಯ್ದ ಶಾಸನಗಳ ಸಂಕಲನ ಸಾಕಷ್ಟು ದೂರ ಕೈಹಿಡಿಯುತ್ತದೆ; ತಾಳಗುಂದ, ಮಳವಳ್ಳಿಗಳೂ ಅದರಲ್ಲಿವೆ. ಅಶೋಕನ ಶಾಸನಗಳಿಗೆ ಹುಲ್ಟ್ಸ್ ಅವರ 1925ರ ಸಂಪುಟ. ಹೊರಗಿನವರ ಬರೆಹಗಳಲ್ಲಿ ಟಾಲೆಮಿಯ ಭೂಗೋಳದಲ್ಲಿ ಬನವಾಸಿಯ ಹೆಸರಿದೆ, ಸಿಂಹಳದ ಮಹಾವಂಶದಲ್ಲಿ ‘ವನವಾಸ’ಕ್ಕೆ, ಅಂದರೆ ಬನವಾಸಿ ಸೀಮೆಗೆ, ರಕ್ಖಿತನೆಂಬ ಭಿಕ್ಷುವನ್ನು ಕಳುಹಿಸಿದ ಮಾತಿದೆ. ಒಂದು ಊರಿನ ಬಗ್ಗೆ ಕಲ್ಲು, ಗ್ರೀಕ್ ಗ್ರಂಥ, ಪಾಲಿ ಗ್ರಂಥ ಮೂರನ್ನೂ ಒಂದೇ ಮಧ್ಯಾಹ್ನ ಓದಿಸಬಹುದು, ಪುಸ್ತಕಗಳು ಒಂದೇ ಕಡೆ ಇದ್ದರೆ.

ಪುಸ್ತಕಗಳು ಇರಬೇಕು ಎಂಬುದೇ ನಮ್ಮಲ್ಲಿ ಕಷ್ಟದ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿಯ ಗಾಳಿಯೇ ಒದ್ದೆ. ರಟ್ಟಿನ ಮೇಲೆ ಬೂಷ್ಟು ಬೆಳೆಯುತ್ತದೆ, ಹಳೆಯ ಕಾಗದ ಮಡಿಸಿದಲ್ಲಿ ಮುರಿಯುತ್ತದೆ. ಕಪಾಟನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಇಡುತ್ತೇವೆ, ಪುಸ್ತಕಗಳನ್ನು ಒತ್ತೊತ್ತಾಗಿ ತುರುಕುವುದಿಲ್ಲ, ಬಿಸಿಲು ಕಂಡ ದಿನ ಕಿಟಕಿ ತೆರೆದು ಪುಟಗಳಿಗೆ ಗಾಳಿಯಾಡಿಸುತ್ತೇವೆ. ನೇರ ಬಿಸಿಲಿಗೆ ಒಡ್ಡುವುದಿಲ್ಲ. ರೈಸ್ ಅವರ ಸಂಪುಟಗಳ ಸ್ಕ್ಯಾನ್ ಪ್ರತಿಗಳು ಅಂತರಜಾಲದಲ್ಲಿ ಸಿಗುವುದರಿಂದ ಮೂಲ ಪ್ರತಿಯ ಮೇಲಿನ ಭಾರ ಕಡಿಮೆಯಾಗಿದೆ. ಆದರೂ ಮೊದಲ ಸಲ ಮುದ್ರಿತ ಸಂಪುಟವನ್ನೇ ಕೈಗೆ ಕೊಡುತ್ತೇನೆ. ಅಕ್ಕಪಕ್ಕದ ಶಾಸನಗಳ ಮೇಲೆ ಕಣ್ಣು ಬೀಳುವುದು ಪುಟ ತಿರುವಿದಾಗಲೇ. ನೇರವಾಗಿ ಒಂದು ಸಂಖ್ಯೆಗೆ ಹಾರಿದವರಿಗೆ ಆ ಲಾಭವಿಲ್ಲ.

ಇತ್ತೀಚೆಗೆ ಬರುವ ಪ್ರಶ್ನೆ ತಾಳಗುಂದದಲ್ಲಿ ಸಿಕ್ಕ ಸಿಂಹಕಟಾಂಜನ (ಸಿಂಹದ ಕಟಕಟೆಯ) ಶಾಸನದ್ದು. ಪುರಾತತ್ವ ಇಲಾಖೆ ಅದನ್ನು ಸುಮಾರು ಕ್ರಿ.ಶ. 370ರದ್ದು ಎಂದು ಹೇಳಿದ ಮೇಲೆ, ಹಲ್ಮಿಡಿಗಿಂತ ಹಳೆಯ ಕನ್ನಡ ನಮ್ಮ ಜಿಲ್ಲೆಯಲ್ಲೇ ಸಿಕ್ಕಿತು ಎಂಬ ಹೆಮ್ಮೆ ಎಲ್ಲರಲ್ಲೂ ಇದೆ. ನನಗೂ ಇದೆ. ಆದರೆ ಹಲ್ಮಿಡಿ ಶಾಸನದಲ್ಲೇ ತೇದಿಯಿಲ್ಲ. ಲಿಪಿ, ಭಾಷೆ, ಅದರಲ್ಲಿ ಬರುವ ಕಾಕುಸ್ಥನ ಹೆಸರು ಇವುಗಳ ಆಧಾರದಿಂದ ಸುಮಾರು 450 ಎಂದದ್ದು. ಎರಡು ಕಾಲನಿರ್ಣಯಗಳೂ ಯಾವ ಆಧಾರದ ಮೇಲೆ ನಿಂತಿವೆ ಎಂದು ಬರೆದು ತರಲು ಹೇಳುತ್ತೇನೆ. ಪತ್ರಿಕೆಯ ತುಣುಕು ಹಿಡಿದು ಬಂದವರು ಲಿಪಿವಿಕಾಸದ ಪುಸ್ತಕ ಹಿಡಿದು ಹೋಗುತ್ತಾರೆ.

ಹಳೆಯ ತಾಲ್ಲೂಕಿನ ಹೆಸರು, ಈಗಿನ ಹೆಸರು, ಸಂಪುಟ, ಶಾಸನ ಸಂಖ್ಯೆ, ಊರು, ಕಲ್ಲು ಈಗ ಎಲ್ಲಿದೆ ಎಂಬ ಆರು ಅಂಕಣಗಳ ಪಟ್ಟಿಯೊಂದನ್ನು ಈಗ ತಯಾರಿಸುತ್ತಿದ್ದೇನೆ. ಶಿಕಾರಿಪುರದ ಭಾಗ ಮುಗಿಯುತ್ತ ಬಂದಿದೆ, ಸೊರಬ ಶುರುವಾಗಿದೆ. ಕೊನೆಯ ಅಂಕಣವನ್ನು ವಿದ್ಯಾರ್ಥಿಗಳೇ ಊರಿಗೆ ಹೋದಾಗ ನೋಡಿಬಂದು ತುಂಬುತ್ತಿದ್ದಾರೆ. ಕಲ್ಲು ಕಾಣದಿದ್ದರೆ ‘ಕಾಣಲಿಲ್ಲ’ ಎಂದೇ ಬರೆಯಬೇಕೆಂದು ಹೇಳಿದ್ದೇನೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಶಿಕ್ಷಕರು ತಮ್ಮೂರಿನ ಕಲ್ಲುಗಳ ಬಗ್ಗೆ ತಿಳಿಸಿದರೆ ಆ ಭಾಗಗಳೂ ಬೇಗ ತುಂಬುತ್ತವೆ.