ಗಣಿತದಾಗ ಹಿಂದ ಅದಾಳ್ರಿ

26 ಏಪ್ರಿಲ್ 2025, ಶನಿವಾರ
ಹುಬ್ಬಳ್ಳಿ

ಬೆಳಿಗ್ಗೆ ರಕ್ತನಿಧಿಯಿಂದ ಫೋನ್ ಬಂದಾಗ ಯಾರ ಜೊತೆಗೂ ಮಾತು ಬೇಡ ಅನ್ನುವ ಹಾಗಿತ್ತು ನನ್ನ ಮನಸ್ಸು. ಏಪ್ರಿಲ್ 8ಕ್ಕೆ ಪಿಯುಸಿ ರಿಸಲ್ಟ್ ಬಂತು. ಅವತ್ತಿನಿಂದ ನಮ್ಮ ಮನೆ ಹೀಗೇ ಇದೆ. ಮಗ ವಿನು ತನ್ನ ಕೋಣೆಯಲ್ಲಿ, ಇವರು ಪೇಪರಿನ ಹಿಂದೆ, ನಾನು ಅಡುಗೆಮನೆಯಲ್ಲಿ. ಮಾರ್ಕ್ಸ್ ಜಾಸ್ತಿ ಮಾಡಿಕೊಳ್ಳಲು ಪರೀಕ್ಷೆ-2ಕ್ಕೆ ಕಟ್ಟಿದ್ದಾನೆ. 'ಓದು ಹೆಂಗ ನಡದೈತಿ?' ಅಂದರೆ 'ನಡದೈತಿ' ಅಂತಾನೆ. ಅಷ್ಟೇ.

"ಅಕ್ಕಾರ, ನಿಮ್ದು ನಾಲ್ಕು ತಿಂಗಳಾತ್ರಿ. ಬೇಸಿಗಿ ಬಂತಂದ್ರ ನಮ್ಮ ಫ್ರಿಜ್ ಖಾಲಿ ನೋಡ್ರಿ. ನೆಗೆಟಿವ್ ಅಂತೂ ಇಲ್ಲೇ ಇಲ್ಲ. ಇವತ್ತ ಬರಾಕ ಆಕ್ಕೈತೇನ್ರಿ?"

ಆ ಹುಡುಗಿ ಹೇಳುವುದು ನಿಜ. ಕಾಲೇಜುಗಳಿಗೆ ರಜೆ ಬಿದ್ದರೆ ಶಿಬಿರಗಳು ನಿಲ್ಲುತ್ತವೆ. ಶಿಬಿರ ನಿಂತರೆ ರಕ್ತ ಎಲ್ಲಿಂದ ಬರಬೇಕು? ನನ್ನದು ಬಿ ನೆಗೆಟಿವ್. ನಮ್ಮ ಜನರಲ್ಲಿ ನೆಗೆಟಿವ್ ಗುಂಪಿನವರು ನೂರಕ್ಕೆ ಐದಾರು ಮಂದಿ ಸಿಕ್ಕರೆ ಜಾಸ್ತಿ. ಗಂಡಸರು ಮೂರು ತಿಂಗಳಿಗೊಮ್ಮೆ ಕೊಡಬಹುದು, ನಮಗೆ ನಾಲ್ಕು ತಿಂಗಳು ಆಗಬೇಕು. ಎಪ್ಪತ್ತರ ಮುದುಕಿಯ ಹಾಗೆ ಸುಸ್ತಾಗಿದ್ದರೂ ಹೊರಟೆ. ಮನೆಯಲ್ಲಿ ಕೂತು ಮಾಡುವುದಾದರೂ ಏನಿತ್ತು?

ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಮೈಲುತುತ್ತದ ನೀಲಿ ನೀರಿಗೆ ಬಿಡುತ್ತಾರೆ. ಹನಿ ತೇಲಿದರೆ ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆ ಅಂತ ಅರ್ಥ, ವಾಪಸ್ ಮನೆಗೆ. ಮುಳುಗಿದರೆ ಸರಿ. ನಮ್ಮ ಆಫೀಸಿನ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋದಾಗೆಲ್ಲ ಎಷ್ಟೋ ಜನರ ಹನಿ ತೇಲಿಬಿಡುತ್ತದೆ. ಮನೆಮಂದಿಗೆಲ್ಲ ಬಡಿಸಿ ಉಳಿದದ್ದು ಉಣ್ಣುವವರು, ತೇಲದೇ ಏನು ಮಾಡೀತು? ಇವತ್ತು ನನ್ನ ಹನಿಯೂ ಒಂದು ಕ್ಷಣ ಮೇಲೇ ನಿಂತಿತು. ಸಣ್ಣಗೆ ನಡುಗಿತು. ಆಮೇಲೆ ಸರ್ರನೆ ತಳಕ್ಕೆ ಇಳಿಯಿತು. ನನಗೆ ಯಾಕೋ ಅಷ್ಟು ಖುಷಿ ಆಯಿತು.

350 ಎಂಎಲ್ ತೆಗೆದುಕೊಂಡರು. ಹತ್ತು ನಿಮಿಷ ಕೂಡ ಹಿಡಿಯಲಿಲ್ಲ. ಚಹಾ, ಬಿಸ್ಕೀಟು ಕೊಟ್ಟು ಹೊರಗಿನ ಬೆಂಚಿನ ಮೇಲೆ ಕೂರಿಸಿದರು.

ಆ ಬೆಂಚಿನ ಇನ್ನೊಂದು ತುದಿಯಲ್ಲಿ ಒಬ್ಬಳು ಕೂತಿದ್ದಳು. ನನಗಿಂತ ಚಿಕ್ಕವಳು. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ದಪ್ಪ ಫೈಲು. ನನ್ನ ಮೊಣಕೈ ಮೇಲಿನ ಹತ್ತಿ ನೋಡಿದಳು.

"ನೀವು ಕೊಟ್ರೇನ್ರಿ ಅಕ್ಕಾರ?"

"ಹೌದ್ರಿ."

"ಅದು ನಮ್ಮ ಹುಡುಗಿಗೆ ಬರ್ತೈತೇನ್ರಿ?"

ಏನು ಹೇಳಬೇಕು ಅಂತ ತಿಳಿಯಲಿಲ್ಲ. ಇದ್ದದ್ದು ಇದ್ದಂಗೆ ಹೇಳಿದೆ. ಇವತ್ತು ಕೊಟ್ಟದ್ದು ಇವತ್ತೇ ಹೋಗುವುದಿಲ್ಲ. ಎಚ್‌ಐವಿ, ಎರಡು ಥರದ ಕಾಮಾಲೆ, ಸಿಫಿಲಿಸ್, ಮಲೇರಿಯಾ, ಇಷ್ಟೂ ಪರೀಕ್ಷೆ ಆಗಬೇಕು. ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್ ಬೇರೆ ಬೇರೆ ಮಾಡುತ್ತಾರೆ. ಅದೂ ಅಲ್ಲದೆ ಅವಳ ಮಗಳದು ಓ ಪಾಸಿಟಿವ್, ನನ್ನದು ಆಗಿಬರುವುದೇ ಇಲ್ಲ.

"ಹೌದಲ್ರೀ," ಅಂದಳು. ಸ್ವಲ್ಪ ಸುಮ್ಮನಿದ್ದು, "ಯಾರಿಗರ ಆಗ್ಲಿ ತೊಗೋರಿ. ನಮ್ಮಕಿಗೂ ಕೂಸಿದ್ದಾಗಿಂದ ಯಾರ್ಯಾರ್ದೋ ಬಂದೈತಿ. ಒಬ್ಬರ ಮಾರೀನೂ ನೋಡಿಲ್ರಿ ನಾವು. ಕೊಟ್ಟವ್ರು ಹೆಂಗ ಇರ್ತಾರ ಅಂತ ಈಗ ನೋಡಿದ್ನಿ."

ಥಲಸ್ಸೇಮಿಯಾ, ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ, ಹುಟ್ಟಿನಿಂದಲೇ ಬರುವ ರೋಗ. ಮಗಳು ಮೇಲಿನ ವಾರ್ಡಿನಲ್ಲಿ ಇದ್ದಾಳೆ. ರಕ್ತ ಹೊಂದುತ್ತದೋ ಇಲ್ಲವೋ ಅಂತ ಒಳಗೆ ನೋಡುತ್ತಿದ್ದರು, ಇವಳು ಬಾಟ್ಲಿಗೆ ಕಾಯುತ್ತಿದ್ದಳು. ಶಿರಹಟ್ಟಿ ಕಡೆಯವರು. ಲಕ್ಷ್ಮೇಶ್ವರದ ಮೇಲೆ ಹಾಯ್ದು ಬರುವ ಬಸ್ಸು. ಮೂರು ವಾರಕ್ಕೊಮ್ಮೆ ರಕ್ತ ಏರಿಸಬೇಕು. "ಒಂಬತ್ತರ ಕೆಳಗ ಇಳೀಬಾರದ್ರಿ" ಅಂದಳು, ನಾವು ಟಗರು ತೂಕದ ಬಗ್ಗೆಯೋ ಪೆಟ್ರೋಲ್ ರೇಟಿನ ಬಗ್ಗೆಯೋ ಹೇಳುವಷ್ಟು ಸಲೀಸಾಗಿ. ಹಿಮೋಗ್ಲೋಬಿನ್ ಒಂಬತ್ತು.

"ಮೊದಲೆಲ್ಲಾ ಬಸ್ಸಿನ ರೊಕ್ಕ ಹೊಂದಲಿಲ್ಲಂದ್ರ ನಾಲ್ಕನೇ ವಾರಕ್ಕ ಬರ್ತಿದ್ವಿರಿ. ಅಷ್ಟ್ರಾಗ ಹುಡುಗಿ ಬಿಳಚಿಕೊಂಡ ಬಿಡ್ತಿತ್ತು. ಮೆಟ್ಲ ಹತ್ತಾಕ ಆಗ್ತಿದ್ದಿಲ್ಲ, ಹೊತ್ಕೊಂಡ ಹತ್ತತಿದ್ನಿ. ಈಗ ಬಸ್ ಫ್ರೀ ಆಗೇತಲ್ರಿ, ದಿನ ತಪ್ಪಸಂಗಿಲ್ಲ."

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ನಮ್ಮ ಮನೆಯಲ್ಲಿ ಎಷ್ಟು ವಾದ ಆಗಿತ್ತು! ಪುಕ್ಕಟೆ ಯಾಕೆ, ಜನ ಸುಮ್ನೆ ತಿರುಗಾಡುತ್ತಾರೆ, ಹೀಗೆ ಏನೇನೋ. ಮೂರನೇ ವಾರಕ್ಕೂ ನಾಲ್ಕನೇ ವಾರಕ್ಕೂ ನಡುವೆ ಒಂದು ಟಿಕೆಟ್ ಇರುತ್ತದೆ ಅಂತ ನಮಗೆ ಯಾರಿಗೆ ಗೊತ್ತಿತ್ತು.

ಅವಳ ಸಿಟ್ಟು ಇದ್ದದ್ದು ರೋಗದ ಮೇಲಲ್ಲ, ಊರಿನ ಉಪದೇಶದ ಮೇಲೆ. "ಬೀಟ್‌ರೂಟ್ ತಿನ್ನಸ್ರಿ, ಖರ್ಜೂರ ತಿನ್ನಸ್ರಿ, ಬೆಲ್ಲ ತಿನ್ನಸ್ರಿ ಅಂತಾರ್ರಿ ಎಲ್ಲಾರೂ. ಅಕಿಗೆ ಕಬ್ಬಿಣ ಜಾಸ್ತಿ ಆಗೂದ ತ್ರಾಸು ನೋಡ್ರಿ." ನನಗೂ ಇದು ಸರಿಯಾಗಿ ಗೊತ್ತಿರಲಿಲ್ಲ. ಒಂದೊಂದು ಬಾಟ್ಲಿ ರಕ್ತದ ಜೊತೆ ಸುಮಾರು 200 ಮಿಲಿಗ್ರಾಂ ಕಬ್ಬಿಣ ಒಳಗೆ ಹೋಗುತ್ತದೆ. ಅದನ್ನು ಹೊರಗೆ ಹಾಕುವ ದಾರಿ ನಮ್ಮ ಮೈಗೆ ಇಲ್ಲ. ಹೃದಯದಲ್ಲಿ, ಲಿವರಿನಲ್ಲಿ ಕೂಡುತ್ತಾ ಹೋಗುತ್ತದೆ. ಅದಕ್ಕೇ ದಿನಾ ಖಾಲಿ ಹೊಟ್ಟೆಗೆ ನೀರಿನಲ್ಲಿ ಕಲಸಿ ಒಂದು ಗುಳಿಗೆ ಕುಡಿಸಬೇಕು. ಊಟದ ಜೊತೆ ಚಹಾ ಕೊಡಿ ಅಂದಿದ್ದಾರಂತೆ ಡಾಕ್ಟರು, ಊಟದ ಕಬ್ಬಿಣ ಮೈಗೆ ಹತ್ತದ ಹಾಗೆ ಅದು ತಡೆಯುತ್ತದಂತೆ. ಅತ್ತೆ ಮಾತ್ರ 'ಹುಡುಗರಿಗೆ ಚಾ ಕುಡಸ್ತೀಯೇನ' ಅಂತ ಇವತ್ತಿಗೂ ಬೈಯುತ್ತಾಳಂತೆ.

ಫೈಲು ಬಿಚ್ಚಿ ಅಂಗವಿಕಲರ ಕಾರ್ಡು ತೋರಿಸಿದಳು. 2016ರ ಕಾಯ್ದೆಯಲ್ಲಿ ಥಲಸ್ಸೇಮಿಯಾವನ್ನೂ ಸೇರಿಸಿದ್ದಾರೆ. "ಊರಾಗ ನಂಬಂಗಿಲ್ರಿ. ಕೈಕಾಲು ಛಲೋ ಅದಾವಲ್ಲ ಅಂತಾರ." ಹುಡುಗಿಗೆ ಅವಳ ತಮ್ಮನ ಅಸ್ಥಿಮಜ್ಜೆ ಹೊಂದುತ್ತದೋ ಅಂತ ನೋಡಿದ್ದರಂತೆ. ಹೊಂದಲಿಲ್ಲ. ಇದನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ನಾನೂ ಕೆದಕಲಿಲ್ಲ.

"ಎಷ್ಟನೇತ್ತಾ ಓದ್ತಾಳ್ರಿ ಮಗಳು?" ಅಂದೆ.

ಆಗ ಅವಳ ಮುಖ ನೋಡಬೇಕಿತ್ತು. ಇಡೀ ಮೈ ನನ್ನ ಕಡೆ ತಿರುಗಿಸಿ ಕೂತಳು.

"ಏಳು ಮುಗೀತ್ರಿ, ಎಂಟಕ್ಕ ಹೊಕ್ಕಾಳ. ಕನ್ನಡದಾಗ ಫಸ್ಟ್ ಅದಾಳ್ರಿ. ಹಾಡು ಬಾಯಿಪಾಠ ಮಾಡಂದ್ರ ಎರಡು ಸಲ ಓದಿದ್ರ ಮುಗೀತು. ಗಣಿತದಾಗ ಹಿಂದ ಅದಾಳ್ರಿ. ಭಾಳ ಹಿಂದ. ಭಾಗಾಕಾರ ಅಂದ್ರ ಅಳ್ತಾಳ. ನಿನ್ನಿ ರಾತ್ರಿ ಎರಡು ಬಿಗದೀನಿ ನೋಡ್ರಿ. ಇವತ್ತ ಬರೂ ಮುಂದ ಬಸ್ಸಿನ್ಯಾಗ ಮಗ್ಗಿ ಹೇಳಸಕೋತ ಬಂದೀನಿ. ಹದಿಮೂರರ ಮಗ್ಗಿ ಬರಂಗಿಲ್ಲರಿ ಇನ್ನೂ! ಎಸ್ಸೆಸ್ಸೆಲ್ಸಿದಾಗ ಏನ್ ಮಾಡಬೇಕ್ರಿ ಇಕಿ?"

ಹೊಡೆದದ್ದು ತಪ್ಪು, ಅದು ಬೇರೆ ಮಾತು. ಹೇಳಿದೆ ಕೂಡ. "ಹೊಡೀಬ್ಯಾಡ್ರಿ ತಂಗಿ" ಅಂದೆ. "ಹೂನ್ರಿ, ಆಮ್ಯಾಲ ನನಗ ಹೊಟ್ಟಿ ಚುರ್ ಅಂತೈತಿ" ಅಂದಳು. ಆದರೆ ಅವಳ ದನಿಯಲ್ಲಿ ಇದ್ದ ಆ ಹುರುಪು ಇದೆಯಲ್ಲ, ಅದನ್ನೇ ನಾನು ಸಂಜೆತನಕ ಯೋಚನೆ ಮಾಡಿದೆ. ರಕ್ತದ ಬಗ್ಗೆ, ಗುಳಿಗೆಯ ಬಗ್ಗೆ ಮಾತಾಡುವಾಗ ಅವಳು ಒಬ್ಬ ನರ್ಸಮ್ಮನ ಹಾಗೆ ಇದ್ದಳು. ಗಣಿತದ ಮಾತು ಬಂದಾಗ ತಾಯಿ ಆದಳು. ಎರಡು ವರ್ಷ ಬಿಟ್ಟು ಬರುವ ಎಸ್ಸೆಸ್ಸೆಲ್ಸಿಯ ಚಿಂತೆ ಇವತ್ತೇ ಮಾಡುತ್ತಿದ್ದಳು. ಮಗಳು ಅಲ್ಲಿಯತನಕ ಇರುತ್ತಾಳೆ, ಪರೀಕ್ಷೆ ಬರೆಯುತ್ತಾಳೆ, ಪಾಸಾಗಬೇಕು. ಅದರಲ್ಲಿ ಅವಳಿಗೆ ಯಾವ ಅನುಮಾನವೂ ಇಲ್ಲ.

ಒಳಗಿಂದ ಹೆಸರು ಕೂಗಿದರು. ಬಾಟ್ಲಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮೆಟ್ಟಿಲು ಹತ್ತಿದಳು. "ಬರ್ತೀನ್ರಿ ಅಕ್ಕಾರ, ಆರಾಮ ಹೋಗ್ರಿ, ನೀರು ಕುಡೀರಿ" ಅಂತ ನನಗೇ ಹೇಳಿ ಹೋದಳು.

ನಮ್ಮವ್ವ ಯಾವಾಗಲೂ ಒಂದು ಮಾತು ಹೇಳುತ್ತಿದ್ದಳು. ನಮಗಿಂತ ಕಷ್ಟದಾಗ ಇರೋರನ್ನ ನೋಡಿ ಸಮಾಧಾನ ತಂದುಕೋಬೇಕು ಅಂತ. ಇವತ್ತು ಆ ಮಾತು ನನಗೆ ಸರಿಬರಲಿಲ್ಲ. ಯಾರದೋ ಮಗಳು ರಕ್ತ ಏರಿಸಿಕೊಂಡು ಮಲಗಿರುವುದು ನನ್ನ ಸಮಾಧಾನಕ್ಕೆ ಅಲ್ಲವಲ್ಲ. ಅವಳನ್ನು ನೋಡಿದ ಮೇಲೆ ವಿನುವಿನ ಮಾರ್ಕ್ಸ್ ಸಣ್ಣ ವಿಷಯ ಅನ್ನಿಸಿತು ಅಂತ ಬರೆದರೆ ಅದೂ ಸುಳ್ಳಾಗುತ್ತದೆ. ಅವಳಿಗೇ ಮಾರ್ಕ್ಸ್ ಸಣ್ಣದಲ್ಲ! ಇಷ್ಟೆಲ್ಲದರ ನಡುವೆ ಅದನ್ನು ದೊಡ್ಡದಾಗಿ ಇಟ್ಟುಕೊಂಡಿದ್ದಾಳೆ. ಬೈಯುವುದಕ್ಕೆ, ಚಿಂತೆ ಮಾಡುವುದಕ್ಕೆ, ಮುಂದಿನ ವರ್ಷದ ಮಾತಾಡುವುದಕ್ಕೆ ಮಗಳು ಎದುರಿಗೆ ಇದ್ದಾಳೆ ಅನ್ನುವುದೇ ಅವಳ ಹುರುಪು. ನಮ್ಮ ಮನೆಯಲ್ಲಿ ಅದೇ ಚಿಂತೆಯಿಂದ ಮೂವರೂ ಮಾತು ಬಿಟ್ಟಿದ್ದೇವೆ.

ಗದಗಿನಲ್ಲಿ ಬೆಳೆದವರಿಗೆ ಇದು ಹೊಸದಾಗಬಾರದಿತ್ತು. ಅಪ್ಪ ನಮ್ಮನ್ನು ವೀರೇಶ್ವರ ಪುಣ್ಯಾಶ್ರಮಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಕಣ್ಣು ಕಾಣದ ಹುಡುಗರು ಸಾಲಾಗಿ ಕೂತು ಹಾಡುತ್ತಿದ್ದರು. ಒಂದು ಸಲ ನಾನು 'ಪಾಪ' ಅಂದೆ. ಅಪ್ಪ ಕೈ ಹಿಡಿದು ನಿಲ್ಲಿಸಿದರು. "ಪಾಪ ಅನಬ್ಯಾಡ. ಅವರು ಕಲಿಯಾಕತ್ಯಾರ. ನಿನಗ ಬರ್ತೈತೇನ ಹಿಂಗ ಹಾಡಾಕ?" ಪಂಚಾಕ್ಷರ ಗವಾಯಿಗಳಿಗೂ ಕಣ್ಣಿರಲಿಲ್ಲ, ಪುಟ್ಟರಾಜರಿಗೂ ಇರಲಿಲ್ಲ. ಭಕ್ತರು ಪುಟ್ಟರಾಜರ ತುಲಾಭಾರ ಮಾಡುತ್ತಿದ್ದರು, ಬಂದ ದುಡ್ಡೆಲ್ಲ ಆ ಮಕ್ಕಳ ಊಟಕ್ಕೆ, ಪಾಠಕ್ಕೆ. 2010ರಲ್ಲಿ ಅವರು ಹೋದಾಗ ಊರಿಗೆ ಊರೇ ಅತ್ತಿತ್ತು. ಅಲ್ಲಿ ಅನ್ನ ಹಾಕಿ ಸುಮ್ಮನೆ ಕೂರಿಸುತ್ತಿರಲಿಲ್ಲ. ಸ್ವರ ಕಲಿಸುತ್ತಿದ್ದರು, ತಾಳ ಕಲಿಸುತ್ತಿದ್ದರು, ನಾಳೆ ತನ್ನ ಕಾಲ ಮೇಲೆ ನಿಲ್ಲುವ ಮನುಷ್ಯ ಅಂತ ನೋಡುತ್ತಿದ್ದರು. ಅಪ್ಪ ನನ್ನ ಕೈ ಯಾಕೆ ಅಷ್ಟು ಬಿಗಿಯಾಗಿ ಹಿಡಿದಿದ್ದರು ಅಂತ ಈಗ ತಿಳಿಯುತ್ತಿದೆ.

ಊಟಕ್ಕೆ ಕೂತಾಗ ವಿನುಗೆ ಹದಿಮೂರರ ಮಗ್ಗಿ ಹೇಳು ಅಂದೆ. ಹುಚ್ಚು ಹಿಡಿದಿದೆಯಾ ಅನ್ನುವ ಹಾಗೆ ನೋಡಿದ. ಆಮೇಲೆ ಹೇಳಿದ, ಹದಿಮೂರು ಎಂಟಲೆ ಹತ್ತಿರ ತಡವರಿಸಿದ. ಇವರು ನಕ್ಕರು. ಬಹಳ ದಿನದ ಮೇಲೆ ಊಟದ ಹೊತ್ತಿಗೆ ಒಂದು ನಗು.

ಆದರೆ ಈಗ ಬೇರೆಯದೇ ಚಿಂತೆ ಹತ್ತಿದೆ. ಆ ಹೆಣ್ಣುಮಗಳನ್ನು ಮದುವೆ ಮಾಡಿ ಕೊಟ್ಟದ್ದು ಅವಳ ಸೋದರಮಾವನಿಗಂತೆ. ಇಬ್ಬರೂ ಗಟ್ಟಿಮುಟ್ಟು, ಇಬ್ಬರಿಗೂ ಏನೂ ಗೊತ್ತೇ ಇರಲಿಲ್ಲ. ಥಲಸ್ಸೇಮಿಯಾ ಅಂಶ ಇದ್ದವರು ಎಲ್ಲರ ಹಾಗೇ ಆರಾಮಾಗಿ ಇರುತ್ತಾರೆ. ಗಂಡ ಹೆಂಡತಿ ಇಬ್ಬರಲ್ಲೂ ಇದ್ದರೆ ಮಾತ್ರ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಮದುವೆಗೆ ಮೊದಲು ಎಚ್‌ಬಿಎ2 ಅಂತ ಒಂದು ರಕ್ತಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ. ಇಬ್ಬರಲ್ಲಿ ಒಬ್ಬರಿಗೆ ಇಲ್ಲ ಅಂತ ಬಂದರೂ ಮುಗೀತು, ಹೆದರಿಕೆ ಇಲ್ಲ.

ನಮ್ಮ ತಂಗಿ ಶೈಲಾಳ ಮಗಳಿಗೂ ಸಂಬಂಧದಲ್ಲೇ, ಅತ್ತೆಯ ಮಗನ ಜೊತೆಗೇ ಮದುವೆ ಗೊತ್ತಾಗಿದೆ. ಬುಧವಾರ ಬಸವ ಜಯಂತಿ, ಅವತ್ತೇ ಹಾವೇರಿಯಲ್ಲಿ ನಿಶ್ಚಯ. ಪಾತ್ರೆ ಮುಗಿಸಿ ಶೈಲಾಗೆ ಫೋನ್ ಮಾಡಿದೆ. ಎಷ್ಟು ಮೆತ್ತಗೆ ಹೇಳಬಹುದೋ ಅಷ್ಟು ಮೆತ್ತಗೆ ಹೇಳಿದೆ. "ನಮ್ಮ ಮನಿತನದಾಗ ಯಾರಿಗೈತಿ ಆ ರೋಗ? ಶುಭಕಾರ್ಯದ ಹೊತ್ತಿನ್ಯಾಗ ಏನ್ ಮಾತಾಡ್ತಿ ನೀನು" ಅಂದಳು. ರೋಗ ಅಲ್ಲ ತಂಗಿ, ಪರೀಕ್ಷೆ ಅಷ್ಟೇ ಅಂದೆ. ಬೀಗರ ಮುಂದೆ ಹೇಗೆ ಹೇಳೋದು ಅಂದಳು. ಅವಳು ಹೇಳುವುದರಲ್ಲೂ ಸುಳ್ಳಿಲ್ಲ. ಹೆಣ್ಣಿನ ಕಡೆಯವರು ಇಂಥ ಮಾತು ಎತ್ತಿದರೆ ನಮ್ಮ ಕಡೆ ಏನಾಗುತ್ತದೆ ಅಂತ ಗೊತ್ತಿಲ್ಲವಾ? ಮಾತು ಮುಗಿಸದೇ ಫೋನ್ ಇಟ್ಟಳು.

ನಾಳೆ ಭಾನುವಾರ, ಶೈಲಾಳ ಗಂಡ ಮನೆಯಲ್ಲೇ ಇರುತ್ತಾರೆ. ಅವರಿಗೆ ಹೇಳಿದರೆ ಸಿಟ್ಟಿಲ್ಲದೆ ಕೇಳುತ್ತಾರೆ. ಇಲ್ಲ ಹುಡುಗಿಗೇ ನೇರ ಹೇಳಿಬಿಡಲಾ? ಬಿಎಸ್ಸಿ ಮುಗಿಸಿದ್ದಾಳೆ, ಎರಡು ಮಾತಿನಲ್ಲಿ ತಿಳಿದುಕೊಳ್ಳುತ್ತಾಳೆ, ಆ ಹುಡುಗನೂ ಓದಿದವನೇ. ಅವರಿಬ್ಬರೇ ಹೋಗಿ ಮಾಡಿಸಿಕೊಂಡು ಬಂದರೆ ಬೀಗರ ಮಾತೇ ಬರುವುದಿಲ್ಲ. ಆದರೆ ಶೈಲಾಗೆ ಗೊತ್ತಾಗದ ಹಾಗೆ ಅವಳ ಮಗಳಿಗೆ ನಾನು