“ಅವರು ಹೇಡಿಗಳಲ್ವಾ?” ಎಂದು ಕೇಳುವವರಿಗೆ

ಊರಿಂದ ಯಾರೇ ಬರಲಿ, ಒಂದು ದಿನ ರಿಚ್ಮಂಡ್ ಕೋಟೆಗೆ ಕರೆದುಕೊಂಡು ಹೋಗುತ್ತೇನೆ. ನಾವಿರುವುದು ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ, ಕೋಟೆ ಹತ್ತಿರವೇ. 1916ರಲ್ಲಿ, ಮೊದಲ ಮಹಾಯುದ್ಧದ ಹೊತ್ತಿನಲ್ಲಿ, ಯುದ್ಧಕ್ಕೆ ಒಲ್ಲೆ ಎಂದ 16 ಮಂದಿಯನ್ನು ಇಲ್ಲಿ ಕೂಡಿ ಹಾಕಿದ್ದರು ಎಂದು ಹೇಳುವುದೇ ತಡ, ಪ್ರಶ್ನೆ ಬರುತ್ತದೆ: “ಅಂದ್ರೆ ಹೆದರಿಕೊಂಡವರು, ಅಲ್ವಾ?” ಹೋದ ಬೇಸಿಗೆಯಲ್ಲಿ ಮಾವನೂ ಕೇಳಿದರು. ಅವರು ಮಿಲಿಟರಿಯಲ್ಲಿದ್ದು ಪೆನ್ಷನ್ ಬಂದವರು. ಹಾಗಾಗಿ ಸ್ವಲ್ಪ ಹುಷಾರಾಗಿ ಉತ್ತರ ಕೊಡಬೇಕಿತ್ತು.

ಆ ವರ್ಷ ಬ್ರಿಟನ್ ಕಡ್ಡಾಯ ಸೈನ್ಯ ಸೇವೆಯ ಕಾನೂನು ತಂದಿತು. ಕೊಲ್ಲುವುದು ತಪ್ಪು ಎನ್ನುವವರಿಗೆ ಅದರಲ್ಲೇ ಒಂದು ದಾರಿ ಇತ್ತು: ಕೋವಿ ಹಿಡಿಯಬೇಡಿ, ಸಮವಸ್ತ್ರ ಹಾಕಿಕೊಂಡು ಸಾಮಾನು ಹೊರಿ, ರಸ್ತೆ ಮಾಡಿ. ರಿಚ್ಮಂಡಿನ 16 ಮಂದಿ ಅದಕ್ಕೂ ಒಪ್ಪಲಿಲ್ಲ. ಅವರಲ್ಲಿ ಬರ್ಟ್ ಬ್ರಾಕಲ್ಸ್‌ಬಿ ಎಂಬ ಶಾಲಾ ಮೇಷ್ಟ್ರಿದ್ದರು, ಸಂಡರ್‌ಲ್ಯಾಂಡ್ ಕ್ಲಬ್ಬಿನ ಮೀಸಲು ತಂಡದಲ್ಲಿ ಫುಟ್‌ಬಾಲ್ ಆಡುತ್ತಿದ್ದ ನಾರ್ಮನ್ ಗಾಡಿ ಇದ್ದರು. ಸುಣ್ಣ ಬಳಿದ ಗೋಡೆಯ ಮೇಲೆ ಬ್ರಾಕಲ್ಸ್‌ಬಿ ಪೆನ್ಸಿಲ್ಲಿನಲ್ಲಿ ಬಿಡಿಸಿದ ಚಿತ್ರಗಳು ಇನ್ನೂ ಇವೆ. ಒಂದು, ಮದುವೆಯಾಗಬೇಕಿದ್ದ ಹುಡುಗಿಯ ಮುಖ. ಸುಣ್ಣ ಉದುರುತ್ತದೆ ಎಂದು ಆ ಕೋಣೆಗಳಿಗೆ ಜನರನ್ನು ಸುಲಭವಾಗಿ ಬಿಡುವುದಿಲ್ಲ.

ಮೇ ತಿಂಗಳಲ್ಲಿ ಅವರನ್ನು ಫ್ರಾನ್ಸಿಗೆ ಸಾಗಿಸಿದರು. ಅಲ್ಲಿ ಯುದ್ಧಭೂಮಿಯ ಕಾನೂನು. ಆಜ್ಞೆ ಮೀರಿದರೆ ಗುಂಡು. ಸೈನಿಕರಿಗೆ ಮನೆಗೆ ಕಳಿಸಲು ಒಂದು ಅಚ್ಚು ಮಾಡಿದ ಕಾರ್ಡ್ ಸಿಗುತ್ತಿತ್ತು. ಏನೂ ಬರೆಯುವ ಹಾಗಿಲ್ಲ, ಬೇಡದ ಸಾಲು ಹೊಡೆದುಹಾಕಬಹುದು ಅಷ್ಟೇ. ನಮ್ಮ ಮೇಷ್ಟ್ರು ಅಲ್ಲೊಂದು ಇಲ್ಲೊಂದು ಅಕ್ಷರ ಬಿಟ್ಟು ಉಳಿದದ್ದೆಲ್ಲ ಹೊಡೆದರು. ಉಳಿದ ಅಕ್ಷರ ಕೂಡಿಸಿ ಓದಿದರೆ, ನನ್ನನ್ನು ಫ್ರಾನ್ಸಿನ ಬಂದರು ಊರು ಬೂಲೋನ್‌ಗೆ ಒಯ್ಯುತ್ತಿದ್ದಾರೆ ಎಂಬ ಸುದ್ದಿ! ಈ ಕಾರ್ಡಿನ ಕತೆ ಹೇಳುವಾಗ ನನಗೆ ಪ್ರತಿ ಸಲ ಖುಷಿಯಾಗುತ್ತದೆ.

ಜೂನ್‌ನಲ್ಲಿ ಸಾಲಾಗಿ ನಿಂತ ಸೈನಿಕರ ಮುಂದೆ ತೀರ್ಪು ಓದಿದರು. ಗುಂಡಿಟ್ಟು ಕೊಲ್ಲುವ ಶಿಕ್ಷೆ. ಓದುತ್ತಿದ್ದ ಅಧಿಕಾರಿ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿದ. ಆಮೇಲೆ, ಅದನ್ನು 10 ವರ್ಷದ ಕಠಿಣ ಸಜೆಗೆ ಇಳಿಸಲಾಗಿದೆ ಎಂದ. ಆ ತಿಂಗಳು ಹೀಗೆ ಮರಣದಂಡನೆ ಕೇಳಿಸಿಕೊಂಡವರು 30ಕ್ಕೂ ಹೆಚ್ಚು.

ಜೈಲಿನಲ್ಲಿ ಹೊಡೆತಕ್ಕಿಂತ ಮೌನವೇ ಜಾಸ್ತಿ ಕಾಡಿತು ಎಂದು ನನ್ನ ಅನಿಸಿಕೆ. ಆಗಿನ ನಿಯಮದಂತೆ ಕೈದಿಗಳು ತಮ್ಮತಮ್ಮಲ್ಲಿ ಮಾತಾಡುವಂತಿಲ್ಲ. ಮೊದಲ ದಿನಗಳಲ್ಲಿ ಮಲಗಲು ಬರಿ ಹಲಗೆ. ಕೂತು ಅಂಚೆ ಚೀಲ ಹೊಲಿಯಬೇಕು. ಈ 16 ಮಂದಿಯಲ್ಲದೆ ಯುದ್ಧಕ್ಕೆ ಒಲ್ಲೆ ಎಂದು ಜೈಲು ಸೇರಿದವರು ಬೇರೆಯವರೂ ಇದ್ದರು. ಸ್ಟೀಫನ್ ಹಾಬ್‌ಹೌಸ್ ಎಂಬುವರು ಈ ಮೌನ ಪಾಲಿಸುವುದಿಲ್ಲ ಎಂದು ಹಟ ಹಿಡಿದು ಒಂಟಿ ಸೆರೆಗೆ ಹೋದರು. ಕಲ್ಕತ್ತಾದಲ್ಲಿ ಹುಟ್ಟಿ ಮುಂದೆ ಭಾರತದ ಸ್ವಾತಂತ್ರ್ಯಕ್ಕೆ ದನಿ ಎತ್ತಿದ ಫೆನ್ನರ್ ಬ್ರಾಕ್‌ವೇ, ಲಿವರ್‌ಪೂಲಿನ ವಾಲ್ಟನ್ ಜೈಲಿನಲ್ಲಿ ಟಾಯ್ಲೆಟ್ ಪೇಪರಿನ ಮೇಲೆ ಗುಟ್ಟಾಗಿ ಪತ್ರಿಕೆ ನಡೆಸಿದರು.

ಸಜೆ ಮುಗಿದರೂ ಅನೇಕರಿಗೆ ಬಿಡುಗಡೆ ಇರಲಿಲ್ಲ. ಮತ್ತೆ ಸೈನ್ಯದ ಕೈಗೆ ಒಪ್ಪಿಸುತ್ತಿದ್ದರು. ಸಮವಸ್ತ್ರ ಹಾಕು. ಇಲ್ಲ. ಮತ್ತೆ ಜೈಲು. 1918ರಲ್ಲಿ ಯುದ್ಧ ನಿಂತರೂ ಕೆಲವರು ಹೊರಬಂದದ್ದು 1919ಕ್ಕೆ. ಮೇಲೆ 5 ವರ್ಷ ಮತದಾನದ ಹಕ್ಕೂ ಇಲ್ಲ.

ಮಾವನಿಗೆ ನಾನು ಹೇಳಿದ್ದು ಇಷ್ಟು. ಟ್ರೆಂಚಿನಲ್ಲಿ ಸತ್ತವರ ಧೈರ್ಯವನ್ನೂ ಇವರದ್ದನ್ನೂ ತಕ್ಕಡಿಗೆ ಹಾಕುವ ಆಸೆ ನನಗಿಲ್ಲ. ಆದರೆ ಹೆದರಿದವನು ಸುಲಭದ ಬಾಗಿಲು ಹುಡುಕುತ್ತಾನೆ. ಇವರಿಗೆ ಆ ಬಾಗಿಲು ದಿನಾ ತೆರೆದೇ ಇತ್ತು. ಸರಿ ಸಾರ್, ಸಾಮಾನು ಹೊರುತ್ತೇನೆ ಅಂದಿದ್ದರೆ ಸಾಕಿತ್ತು.

ಮಾವ ಏನೂ ಅನ್ನಲಿಲ್ಲ. ಕೋಟೆಯ ಹೊರಗೋಡೆ ಮುಟ್ಟಿ ನೋಡಿ, ಕಾರಿನ ಕಡೆ ನಡೆದರು. ಸೀಟ್ ಬೆಲ್ಟ್ ಹಾಕಿಕೊಳ್ಳುತ್ತಾ ಕೇಳಿದರು: “ಅಲ್ಲ ಕಣೋ, ಆ ಆಫೀಸರ್ ಮಧ್ಯದಲ್ಲಿ ಯಾಕೆ ನಿಲ್ಲಿಸಿದ?”